ಹೊಡೆಯುವವನ ಪಾತ್ರ

ಮಾರ್ಚ್ 4, ಸೋಮವಾರ

ಇಷ್ಟು ವರ್ಷ ಸಿನಿಮಾದಲ್ಲಿ ಒದೆ ತಿಂದು ಹೊಟ್ಟೆ ಹೊರೆದವನಿಗೆ ಇಂದು ಒದೆಯುವ ಪಾತ್ರ ಸಿಕ್ಕಿತು.

ಇಲ್ಲಿ ಬರೆಯುವುದನ್ನು ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ: ಬೀಳುವುದರಲ್ಲಿ ನನ್ನನ್ನೂ ಗೆಳೆಯ ಕಡ್ಡಿಯನ್ನೂ ಮೀರಿಸಿದವರು ಈ ಊರಲ್ಲಿಲ್ಲ. ನಾಯಕ ಮುಷ್ಟಿ ಎತ್ತಿದರೆ ಸಾಕು, ನಾನು ಮೇಜಿನ ಮೇಲೆ, ಕಡ್ಡಿ ಕಿಟಕಿಯ ಆಚೆ. ನಾನು ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಅವನು ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ. ಬಿದ್ದ ಮೇಲೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ಮುಲಾಮು ಹಚ್ಚಿ, ಚಹಾ ಕುಡಿದು ಮನೆಗೆ ಹೋಗುತ್ತೇವೆ.

ಈಗ ಹೊಸ ನಿರ್ದೇಶಕರೊಬ್ಬರು ಜೈಲಿನ ಕಥೆ ಮಾಡುತ್ತಿದ್ದಾರೆ. ಶನಿವಾರ ಸಂಜೆ ಕ್ಲಬ್ಬಿನಲ್ಲಿ ನಾನು ಸ್ಯಾಕ್ಸೊಫೋನ್ ನುಡಿಸುವುದನ್ನು ನೋಡಿದರಂತೆ. ಊದುವಾಗ ನನ್ನ ಕುತ್ತಿಗೆಯ ನರಗಳು ಉಬ್ಬುವುದು ಅವರಿಗೆ ಹಿಡಿಸಿತಂತೆ. "ನನ್ನ ಜೈಲರ್ ಕುತ್ತಿಗೆ ಹೀಗೇ ಇರ್ಬೇಕು," ಎಂದರು. ಅಲ್ಲಿ ನಾನು ನುಡಿಸುತ್ತಿದ್ದುದು ಜೋಗುಳದಂಥ ಒಂದು ಜಾಝ್ ರಾಗ. ಅದನ್ನು ಹೇಳಲು ಹೋಗಲಿಲ್ಲ. ಜೈಲರ್ ಹೊಡೆಯುವ ಕೈದಿಯ ಪಾತ್ರ ಕಡ್ಡಿಗೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಇವಳು ನಾಟಕ ಕಂಪನಿಯ ಉಡುಪು ಹೊಲಿಯುತ್ತಿದ್ದಳು. ಯಂತ್ರದ ಗಾಲಿ ನಿಲ್ಲಿಸದೆಯೇ, "ಸ್ಯಾಕ್ಸೊಫೋನು, ಕಥೆ ಬರೆಯೋದು, ಸಿನಿಮಾ. ದೋಣಿ ಮೂರು ಸರಿ, ಕಾಲು ಎರಡೇ ಅಲ್ವೇನ್ರೀ?" ಎಂದಳು. ಊಟದ ಮೇಜಿನ ಅಂಚನ್ನೇ ಪಿಯಾನೋ ಮಾಡಿಕೊಂಡು ಬೆರಳಾಡಿಸುತ್ತಿದ್ದ ಮಗಳು ತಲೆ ಎತ್ತಿದಳು.

"ನೀನು ಹೊಡೆದ್ರೆ ಯಾರು ನಂಬ್ತಾರಪ್ಪಾ? ಜಿರಳೆ ಬಂದ್ರೆ ಅಮ್ಮನ್ನ ಕೂಗ್ತೀಯ."

ಮೂವರೂ ನಕ್ಕೆವು. ಇವಳಿಗಂತೂ ಸೂಜಿಗೆ ದಾರ ಪೋಣಿಸಲಾಗದಷ್ಟು ನಗು.

ಮಾರ್ಚ್ 7, ಗುರುವಾರ

ಊರ ಹೊರಗಿನ ಹಳೆಯ ಗೋದಾಮಿನಲ್ಲಿ ಜೈಲು ಕಟ್ಟಿದ್ದಾರೆ. ಕಂಬಿಗಳು ಮರದವು, ಬಣ್ಣ ಮಾತ್ರ ಕಬ್ಬಿಣದ್ದು. ಗೋಡೆಯ ಪಾಚಿಯನ್ನು ಕಲಾ ವಿಭಾಗದವರು ಸ್ಪಂಜಿನಲ್ಲಿ ಒತ್ತುತ್ತಿದ್ದರು.

ಫೈಟ್ ಮಾಸ್ಟರ್ ಎಲ್ಲವನ್ನೂ ತೋರಿಸಿಕೊಟ್ಟರು. ಕೈ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಗಬೇಕು, ಏಟು ತಿನ್ನುವವನು ಅದೇ ಕ್ಷಣಕ್ಕೆ ತಲೆ ತಿರುಗಿಸಬೇಕು, ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಆದರೆ ಈ ಕಡೆಯಿಂದ ಗೊತ್ತಿರಲಿಲ್ಲ. ನಾನು ಕೈ ಬೀಸಿದಾಗಲೆಲ್ಲ ನನ್ನ ತಲೆಯೇ ತಿರುಗುತ್ತಿತ್ತು. ಕಡ್ಡಿ ಕೈಕೋಳದಲ್ಲೇ ಬಿದ್ದು ಬಿದ್ದು ನಕ್ಕ.

ನಿರ್ದೇಶಕರು ನಗಲಿಲ್ಲ. "ಸಮಸ್ಯೆ ಕೈಯದ್ದಲ್ಲ ಸರ್. ಹೊಡೆಯೋಕೆ ಮುಂಚೆ ನೀವು ಕ್ಷಮೆ ಕೇಳ್ತಿದೀರ. ಕಣ್ಣಲ್ಲಿ ಕಾಣುತ್ತೆ."

ಬಸ್ಸಿನಲ್ಲಿ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಕಣ್ಣು ನೋಡಿಕೊಂಡೆ. ನಿಜ. ಹುಟ್ಟಿದಾಗಿನಿಂದಲೂ ಯಾರ ಹತ್ತಿರವೋ ಏನೋ ಕೇಳುತ್ತಿರುವ ಕಣ್ಣು.

ಮಾರ್ಚ್ 12, ಮಂಗಳವಾರ

ಆಯಿತು. ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಬೆಳಗ್ಗೆಯಿಂದ ಅದೊಂದೇ ದೃಶ್ಯ. ಕೈದಿ ಮಂಡಿಯೂರಿರುತ್ತಾನೆ, ಜೈಲರ್ ಒಂದು ಪ್ರಶ್ನೆ ಕೇಳುತ್ತಾನೆ, ಉತ್ತರ ಬರುವುದಿಲ್ಲ, ಹೊಡೆಯುತ್ತಾನೆ. ಪ್ರತಿ ಸಲವೂ ನಿರ್ದೇಶಕರು ತಲೆ ಅಲ್ಲಾಡಿಸಿದರು. ಊಟದ ಹೊತ್ತು ಮೀರಿತು. ದೀಪಗಳ ಕಾವಿಗೆ ಕಡ್ಡಿಯ ಮುಖದ ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಕೊನೆಗೆ ನಿರ್ದೇಶಕರು ನನ್ನ ಹತ್ತಿರ ಬಂದು ಮೆತ್ತಗೆ, "ಒಂದ್ಸಲ ನಿಜವಾಗಿ ಹೊಡೀರಿ. ಅವರು ಒಪ್ಪಿದಾರೆ," ಎಂದರು.

ಕಡ್ಡಿಯ ಕಡೆ ನೋಡಿದೆ. "ಹೊಡಿಯೋ ಉದ್ದಣ್ಣ. ಎಷ್ಟು ಸಲ ಅಂತ ನೆಲ ಗುಡಿಸ್ಲಿ ನಾನು," ಎಂದ.

ಹೊಡೆದೆ. ಅಂಗೈ ಅವನ ಕೆನ್ನೆಗೆ ಬಿದ್ದ ಸದ್ದು ಗೋದಾಮಿನ ತಗಡಿನ ಚಾವಣಿಗೆ ತಾಗಿ ವಾಪಸು ಬಂತು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಅದು ನಟನೆಯ ನೋಟವಲ್ಲ; ಗೆಳೆಯ ಗೆಳೆಯನನ್ನು ನೋಡುವ, ಸಾಕಲ್ಲವೇ ಎನ್ನುವ ನೋಟ. ಆ ನೋಟ ಕಂಡು ನನಗೆ ಏಕೋ ಕೋಪ ಬಂತು. ನನ್ನ ಕಣ್ಣಲ್ಲಿದ್ದ ಬೇಡಿಕೆ ಅವನ ಕಣ್ಣಿಗೆ ಹೋಗಿ ಕೂತಿತ್ತು. ಮತ್ತೆ ಹೊಡೆದೆ. ಕಿವಿಯ ಮೇಲೆ ಬಿತ್ತು. ಮತ್ತೆ. ಮೊದಲನೆಯದು ನಿರ್ದೇಶಕರು ಹೇಳಿದ್ದು. ಆಮೇಲಿನವು ಯಾರೂ ಹೇಳಿದ್ದಲ್ಲ. ಫೈಟ್ ಮಾಸ್ಟರ್ ಓಡಿ ಬಂದು ನನ್ನ ತೋಳು ಹಿಡಿದಾಗ ಕಡ್ಡಿ ಪಕ್ಕಕ್ಕೆ ಒರಗಿದ್ದ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರ್ ನೆನೆದಿತ್ತು. ಮೇಕಪ್ಪಿನವಳು ತಾನು ಹಚ್ಚಿದ ಬಣ್ಣವೆಂದುಕೊಂಡು ಒರೆಸಲು ಹೋಗಿ ಕೈ ಹಿಂದೆಳೆದುಕೊಂಡಳು.

ನಿರ್ದೇಶಕರು ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ. "ಇದು. ಇದೇ," ಎನ್ನುತ್ತಿದ್ದರು.

ಕಡ್ಡಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಹೋಗುವವನಿದ್ದೆ. ನನ್ನ ಒಂಟಿ ದೃಶ್ಯವೊಂದು ಬಾಕಿ ಇತ್ತು.

ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ. ಅಂಗೈ ಇನ್ನೂ ಬೆಚ್ಚಗಿದೆ.

ಮಾರ್ಚ್ 16, ಶನಿವಾರ

ಕಡ್ಡಿಯ ಎಡಗಿವಿಯ ತಮಟೆ ಹರಿದಿದೆಯಂತೆ. ಫೋನು ಮಾಡಿದೆ, ಅವನ ಹೆಂಡತಿ ಎತ್ತಿಕೊಂಡು "ಮಲಗಿದಾರೆ" ಎಂದಳು.

ಇಂದು ಸಂಜೆ ಕ್ಲಬ್ಬಿನಲ್ಲಿ ನುಡಿಸಿದ್ದು ನೆನಪಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮದು ನಾಲ್ವರ ಬ್ಯಾಂಡು. ಪಿಯಾನೋ ತಾತನದು, ಮೂವತ್ತಕ್ಕೇ ತಲೆ ಬೆಳ್ಳಗಾದ್ದರಿಂದ ಬಿದ್ದ ಹೆಸರು, ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ದೊಡ್ಡವನು. ಆಳೆತ್ತರದ ಬಾಸ್ ಪಿಟೀಲು ನುಡಿಸುವವಳು ನಾವೆಲ್ಲ ಅಕ್ಕ ಎನ್ನುವವಳು, ಡ್ರಮ್ಸಿಗೆ ಅವಳ ಗಂಡ. ಜೊತೆಯಾಗಿ ನುಡಿಸಲು ತೊಡಗಿ ಬಹಳ ಕಾಲವಾಯಿತು. ಯಾರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು.

ಎರಡನೆಯ ರಾಗದಲ್ಲಿ ನನ್ನ ಸರದಿ ಬಂದಾಗ ಎಂದಿನಂತೆ ಮೆಲ್ಲಗೆ ಎತ್ತಿಕೊಂಡೆ. ಹಿಂದಿನ ಮೇಜಿನಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು. ಯಾವಾಗಲೂ ಮಾತಾಡುತ್ತಾರೆ. ಇಂದು ಅವರ ಕಡೆಗೇ ತಿರುಗಿ ಸ್ಯಾಕ್ಸೊಫೋನಿನ ಬಾಯನ್ನು ಅವರ ಮುಖಕ್ಕೆ ನೇರ ಹಿಡಿದು ಊದಿದೆ. ರಾಗ ಬಿಟ್ಟೆ. ತುಟಿಗಿಡುವ ರೀಡು ಸೀಳಿಹೋಗುವಂತೆ ಕಿರುಚಿಸಿದೆ. ಆ ಮೇಜು ಬಾಯಿ ಮುಚ್ಚಿತು, ಆಮೇಲೆ ಇಡೀ ಕ್ಲಬ್ಬು. ನಿಲ್ಲಿಸಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಈ ವಯಸ್ಸಿನಲ್ಲಿ ಮೊದಲ ಬಾರಿಗೆ.

ತಾತ ಮಾತ್ರ ಪಿಯಾನೋ ಮುಚ್ಚುತ್ತಾ, "ನಾನು ನಿನಗೆ ದಾರಿ ಬಿಟ್ಟೆ, ನೀನು ನನ್ನ ಮೇಲೇ ಹತ್ತಿಕೊಂಡು ಹೋದೆ ಕಣೋ," ಎಂದ. ತಮಾಷೆಗೆ ಅಂದದ್ದಿರಬೇಕು. ಹೊಟ್ಟೆಕಿಚ್ಚೂ ಇರಬಹುದು.

ಮಾರ್ಚ್ 28, ಗುರುವಾರ

ವಾರಪತ್ರಿಕೆಯ ಸಂಪಾದಕರು ಇದುವರೆಗೆ ನನ್ನ ಕಥೆಗಳ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಚೆನ್ನಾಗಿದೆ, ಆದ್ರೆ ಬೆನ್ನುಮೂಳೆ ಇಲ್ಲ." ಇಂದು ಅವರೇ ಫೋನು ಮಾಡಿದರು. "ಎಲ್ಲಿತ್ತು ಮಾರಾಯ್ರೇ ಇದು ಇಷ್ಟು ದಿನ?"

ಕಥೆ ಎರಡು ಬೆಳಗಿನಲ್ಲಿ ಬರೆದು ಮುಗಿಸಿದ್ದು. ಒದೆ ತಿನ್ನುವುದೇ ಬದುಕಾಗಿರುವ ಸಣಕಲ ನಟನೊಬ್ಬ. ಒಂದು ದಿನ ನಿಜವಾದ ಏಟು ಬಿದ್ದಾಗ ಕಾಲು ಹಿಡಿದು ಅಳುತ್ತಾನೆ. ಓದುಗರಿಗೆ ಅವನ ಮೇಲೆ ಕನಿಕರ ಬರುವ ಬದಲು ಇನ್ನೊಂದು ಬಿಡಬೇಕು ಎನಿಸುತ್ತದೆ. ಅದೇ ಕಥೆಯ ಶಕ್ತಿ ಎಂದರು ಸಂಪಾದಕರು.

ಇವಳು ಓದಿದಳು. ಹಾಳೆಗಳನ್ನು ಅಂಚು ಸರಿಮಾಡಿ ಮೇಜಿನ ಮೇಲಿಟ್ಟಳು. "ಕಡ್ಡಿ ಓದ್ತಾನೆ ಕಣ್ರೀ," ಎಂದಳು.

"ಓದ್ಲಿ. ಕಥೆ ಕಥೆ."

"ಅವನ ಹೆಂಡ್ತೀನೂ ಓದ್ತಾಳೆ."

ಮೆಚ್ಚಿಕೊಂಡು ಒಂದು ಮಾತಾಡಬಾರದೇ ಈ ಹೆಂಗಸು.

ಏಪ್ರಿಲ್ 3, ಬುಧವಾರ

ಕಡ್ಡಿ ಮನೆಗೆ ಬಂದಿದ್ದ. ಎಡಗಿವಿಗೆ ಹತ್ತಿ. ಮಾತಾಡುವವರ ಕಡೆಗೆ ಬಲಗಿವಿ ತಿರುಗಿಸಿಕೊಂಡು ಹಕ್ಕಿಯ ಹಾಗೆ ಕೂರುತ್ತಾನೆ. ಇವಳು ಚಹಾ ಕೊಟ್ಟಳು, ಕುಡಿದ. ಹವೆಯ ಬಗ್ಗೆ ಮಾತಾಡಿದ. ಹೊರಡಲು ಎದ್ದು ಬಾಗಿಲ ಹತ್ತಿರ ನಿಂತ.

"ಕಥೇಲಿ ಅವನು ಅತ್ತ ಅಂತ ಬರ್ದಿದೀಯ."

"ಅದು ನೀನಲ್ಲ ಕಣೋ."

"ಅಲ್ಲ ಅಂತ ಗೊತ್ತು. ನಾನು ಅಳ್ಲಿಲ್ಲ. ಅಷ್ಟೇ ಹೇಳಿ ಹೋಗೋಣ ಅಂತ ಬಂದೆ."

ಹೋದ. ಅವನಿಗೆ ಈಗ ಜಾಸ್ತಿ ಅಭಿಮಾನ ಬಂದುಬಿಟ್ಟಿದೆ. ಸಿನಿಮಾ ಬಿಡುಗಡೆಯಾದರೆ ಅವನಿಗೂ ಹೆಸರು ಬರುತ್ತದೆ, ಅದು ನನ್ನ ಕೈಯಿಂದಲೇ ಬರುತ್ತದೆ. ಇದನ್ನು ಹೇಳಬೇಕಿತ್ತು.

ಏಪ್ರಿಲ್ 9, ಮಂಗಳವಾರ

ಸೂಪು ತಣ್ಣಗಿತ್ತು. ಬಟ್ಟಲು ಗೋಡೆಗೆ ಹೋಯಿತು. ಮಗಳು ತುಂಡುಗಳನ್ನು ಆಯ್ದಳು. ಅವಳೇನೂ ಆಯಬೇಕಿರಲಿಲ್ಲ, ನಾನೇ ಆಯುತ್ತಿದ್ದೆ.

ಏಪ್ರಿಲ್ 17, ಬುಧವಾರ

ಊಟದ ಬಿಡುವಿನಲ್ಲಿ ಜೈಲರ್ ಸಮವಸ್ತ್ರದಲ್ಲೇ ಸಿಗರೇಟು ತರಲು ಗೋದಾಮಿನ ಹಿಂದಿನ ಬೀದಿಗೆ ಹೋಗಿದ್ದೆ. ಬ್ರೆಡ್ ಮಾರುವವನೊಬ್ಬ ಸೈಕಲ್ಲಿನಲ್ಲಿ ಬಂದು, ಹಿಂದಿನ ಬುಟ್ಟಿಯ ಮೂಲೆಯಿಂದ ನನ್ನ ಮೊಣಕೈಗೆ ತಾಗಿಸಿದ. ತಿರುಗಿ ನೋಡಿ, "ಸ್ವಲ್ಪ ಪಕ್ಕಕ್ಕೆ ನಡೀರಿ ಸಾಹೇಬ್ರೇ," ಎಂದ. ನಗುತ್ತಲೇ ಅಂದ.

ಸೈಕಲ್ಲಿನ ಹಿಡಿ ಹಿಡಿದು ಎಳೆದೆ. ಅವನು ಬ್ರೆಡ್ಡಿನ ಸಮೇತ ಚರಂಡಿಯ ಅಂಚಿಗೆ ಬಿದ್ದ. ಏಳಲು ಹೋದವನ ಪಕ್ಕೆಗೆ ಒದ್ದೆ. ಬೂಟು ಸಿನಿಮಾದ್ದೇ ಆದರೂ ಅಡಿಗೆ ಲಾಳ ಹೊಡೆಸಿದ್ದು, ನಡೆಯುವಾಗ ಸದ್ದು ಬರಲೆಂದು. ಒದ್ದಾಗ ಅವನ ಒಳಗಿಂದ ಒಂದು ಸಣ್ಣ ಸದ್ದು ಬಂತು, ಒಣ ರೆಂಬೆಯಂತೆ. ಅವನು ಮುದುಡಿಕೊಂಡು ಬಾಯಿ ತೆರೆದ, ಸ್ವರ ಬರಲಿಲ್ಲ. ಮತ್ತೆ ಒದ್ದೆ. ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಮತ್ತೆ ಹೊರಡುತ್ತದೆ ಎಂಬುದು ಊದುವ ಕಸುಬಿನವನಿಗೆ ಚೆನ್ನಾಗಿ ಗೊತ್ತು. ಅವನು ಉಸಿರೆಳೆಯುವುದಕ್ಕೆ ಕಾದು ಒದೆಯುತ್ತಿದ್ದೆ.

ಸುತ್ತ ಜನ ಸೇರಿದ್ದರು. ಒಬ್ಬರೂ ತಡೆಯಲಿಲ್ಲ. ಎಲ್ಲರೂ ಕ್ಯಾಮೆರಾ ಎಲ್ಲಿದೆ ಎಂದು ಮಹಡಿಗಳ ಕಡೆ, ಮರಗಳ ಕಡೆ ಹುಡುಕುತ್ತಿದ್ದರು. ಒಬ್ಬಳು ಮುದುಕಿ ಮಾತ್ರ, "ರಕ್ತ ಏನು ನಿಜದ ಹಾಗೇ ಮಾಡ್ತಾರಮ್ಮ," ಎಂದು ಪಕ್ಕದವಳಿಗೆ ಹೇಳಿದಳು.

ನಿರ್ಮಾಪಕರ ಕಡೆಯವರು ಬಂದು ಅವನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಏನೋ ಕೊಟ್ಟು ಸಮಾಧಾನ ಮಾಡಿದರಂತೆ. ಮಧ್ಯಾಹ್ನದ ದೃಶ್ಯ ಮೊದಲ ಸಲಕ್ಕೇ ಸರಿಹೋಯಿತು.

ಏಪ್ರಿಲ್ 20, ಶನಿವಾರ

ತಾತನ ವಿಷಯ. ನನ್ನದು ತಪ್ಪೋ ಅವನದು ತಪ್ಪೋ ನಿಧಾನವಾಗಿ ಯೋಚಿಸಿ ಬರೆಯುತ್ತೇನೆ.

ಮಧ್ಯಾಹ್ನ ಕ್ಲಬ್ಬಿನಲ್ಲಿ ಅಭ್ಯಾಸ. ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿದ್ದವು, ಒದ್ದೆ ನೆಲ ಆರುತ್ತಿತ್ತು. ನಾನು ಊದುತ್ತಿದ್ದೆ. ತಾತ ನುಡಿಸುವುದನ್ನು ನಿಲ್ಲಿಸಿದ.

"ಏನಾಯ್ತು?" ಎಂದೆ.

"ನೀನು ನುಡಿಸ್ತಿಲ್ಲ, ಬೈತಿದೀಯ."

"ಜನಕ್ಕೆ ಅದೇ ಬೇಕು. ನೋಡ್ತಿಲ್ವಾ, ಎರಡು ವಾರದಿಂದ ನಿಲ್ಲೋಕೆ ಜಾಗ ಇಲ್ಲ."

"ಜನ ಬೆಂಕಿ ಬಿದ್ದಲ್ಲೂ ನಿಂತು ನೋಡ್ತಾರೆ." ಅವನು ಕೂತಲ್ಲಿಂದಲೇ ನಿಧಾನವಾಗಿ ಹೇಳಿದ. "ಮೊದಲು ನೀನು ನಮಗೆ ಕಾಯ್ತಿದ್ದೆ. ನಾನು ಒಂದು ಸ್ವರ ಇಟ್ರೆ ಅದನ್ನ ಎತ್ತಿ ಮುದ್ದು ಮಾಡಿ ವಾಪಸ್ ಕೊಡ್ತಿದ್ದೆ. ಈಗ ಕಿತ್ಕೋತೀಯ. ನಿನ್ನ ಮಗಳು ಮೊನ್ನೆ ಪಿಯಾನೋ ಪಾಠಕ್ಕೆ ನಮ್ಮನೆಗೆ ಬಂದವಳು ಏನಂದ್ಲು ಗೊತ್ತಾ? 'ಇವತ್ತು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರ್ಲಾ ತಾತ' ಅಂದ್ಲು. ಪಾಠ ಮುಗಿದು ಒಂದು ಗಂಟೆ ಆಗಿತ್ತು."

ಹೇಳುತ್ತಲೇ ಕೈ ಮತ್ತೆ ಪಿಯಾನೋ ಮೇಲಿಟ್ಟು ಆ ಹಳೆಯ ಜೋಗುಳದ ರಾಗವನ್ನೇ ಶುರು ಮಾಡಿದ, ನನಗೆ ಪಾಠ ಹೇಳುವವನಂತೆ.

ಮುಚ್ಚಳ ಹಾಕಿದೆ. ಅವನ ಕೈ ಅಲ್ಲಿದೆ ಎಂದು ಗೊತ್ತಿತ್ತೇ? ಗೊತ್ತಿರಲೇಬೇಕು, ನುಡಿಸುತ್ತಿದ್ದನಲ್ಲ. ಆದರೆ ನಾನು ಹಾಕಿದ್ದು ಮುಚ್ಚಳವನ್ನು. ಹಾಕಿ, ಮೇಲೆ ಎರಡೂ ಕೈಯಿಂದ ಒತ್ತಿದೆ. ಒಳಗೆ ತಂತಿಗಳು ಎಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು. ಆ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು.

ತಾತ ಮುಚ್ಚಳ ಎತ್ತಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಯಾರದೋ ಕೈಯನ್ನು ನೋಡುವಂತೆ ನೋಡಿದ. ಎರಡು ಬೆರಳು ಇರಬೇಕಾದ ದಿಕ್ಕಿನಲ್ಲಿರಲಿಲ್ಲ. ಬಿಳಿಯ ಕೀಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅಕ್ಕ ಬಾಸ್ ಅನ್ನು ನೆಲಕ್ಕೆ ಮಲಗಿಸಿ ಎದ್ದು ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ನನ್ನ ಸ್ಯಾಕ್ಸೊಫೋನನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡಿ ಹಾಕಿ, ಕೈಗೆ ಕೊಟ್ಟು, "ಹೋಗು. ಇನ್ನು ಬರ್ಬೇಡ," ಎಂದಳು.

ಯೋಚಿಸಿದೆ. ಪ್ರಚೋದಿಸಿದ್ದು ಅವನೇ. ಮಗಳನ್ನು ನಡುವೆ ತರಬಾರದಿತ್ತು.

ಏಪ್ರಿಲ್ 26, ಶುಕ್ರವಾರ

ಮನೆ ಈಗ ಬಹಳ ಶಾಂತವಾಗಿದೆ. ಬರೆಯಲು ಒಳ್ಳೆಯದು. ನಾನು ಒಳಗೆ ಬಂದರೆ ಇವಳು ಹೊಲಿಗೆ ಯಂತ್ರವನ್ನೂ ನಿಲ್ಲಿಸುತ್ತಾಳೆ, ಮಗಳು ಮೇಜಿನ ಮೇಲೆ ಬೆರಳು ಬಡಿಯುವುದಿಲ್ಲ. ಮೊದಲು ಎಷ್ಟು ಗದ್ದಲವಿತ್ತು. ನೀರಿನ ಲೋಟಕ್ಕೆ ಕೈ ಚಾಚಿದರೆ ಮಗಳೇ ಸರಿದು ದಾರಿ ಬಿಡುತ್ತಾಳೆ. ದೊಡ್ಡವಳಾಗುತ್ತಿದ್ದಾಳೆ.

ತಾತನ ಮನೆಗೆ ಹೋಗಕೂಡದು ಎಂದು ಹೇಳಿದ್ದೇನೆ. ಆಯ್ತು ಎಂದಿದ್ದಾಳೆ.

ಮೇ 2, ಗುರುವಾರ

ಬರೆಯಲು ಬಲಗೈ ಉಳಿದಿದೆ. ಎಡಗೈ ಆಸ್ಪತ್ರೆಯವರ ಬ್ಯಾಂಡೇಜಿನಲ್ಲಿದೆ.

ಚಿತ್ರೀಕರಣ ಬೇಗ ಮುಗಿದು ನಡುಮಧ್ಯಾಹ್ನವೇ ಮನೆಗೆ ಬಂದೆ. ಇವಳು ನಾಟಕದ ಸೈನಿಕರ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಮಗಳು ಆಗಷ್ಟೇ ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದೆ. ಗೆಳತಿಯ ಮನೆಗೆ ಎಂದಳು. ಕಣ್ಣು ನೋಡಿದೆ. ಸುಳ್ಳು ಹೇಳುವ ಕೈದಿಯನ್ನು ಈಗ ನಾನು ಗುರುತಿಸಬಲ್ಲೆ.

"ಎಲ್ಲಿಗೆ ಹೋಗಿದ್ದೆ?"

"ತಾತನ್ನ ನೋಡೋಕೆ." ಆಮೇಲೆ, ಕೇಳದೆಯೇ, "ಅವರಿಗೆ ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲಪ್ಪ. ನಾನು ಹಾಕಿ ಬಂದೆ," ಎಂದಳು.

ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ಇಸ್ತ್ರಿ ಮೇಜಿನ ಮೇಲೆ ಒತ್ತಿ ಹಿಡಿದೆ, ಪಕ್ಕಕ್ಕೆ ಸರಿಯದಿರಲಿ ಎಂದು. ಬಲಗೈ ಎತ್ತಿದೆ. ಒಂದು ಬಿಟ್ಟೆ. ಅವಳ ತುಟಿ ಹಲ್ಲಿಗೆ ತಾಗಿ ಒಡೆಯಿತು. ಕೈದಿಯನ್ನು ಹೊಡೆದಾಗ ಅವನು ತಲೆ ತಿರುಗಿಸಬೇಕು. ಅವಳು ತಿರುಗಿಸಲಿಲ್ಲ. ಮತ್ತೆ ಕೈ ಎತ್ತಿದೆ.

"ಕೈ ತೆಗಿ," ಎಂದಳು ಇವಳು.

ಮದುವೆಯಾದಾಗಿನಿಂದ ಇವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಬೇರೆ ಯಾರಿಗೋ ಹೇಳುತ್ತಿದ್ದಾಳೆ ಎಂದುಕೊಂಡೆ. ನಾನು ಕೈ ತೆಗೆಯಲಿಲ್ಲ. ಇವಳು ಅಂಗಿಯ ತೋಳಿನ ಮೇಲೆ ಇಡುವಷ್ಟೇ ಸರಾಗವಾಗಿ ಇಸ್ತ್ರಿಪೆಟ್ಟಿಗೆಯನ್ನು ನನ್ನ ಎಡಗೈಯ ಹಿಂಬದಿಯ ಮೇಲೆ ಇಟ್ಟಳು. ಇಟ್ಟು ಒತ್ತಿದಳು.

ಮೊದಲು ವಾಸನೆ ಬಂತು, ಆಮೇಲೆ ನೋವು. ಕೂಗಿದ್ದು ನಾನೇ ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಮಗಳ ಮಣಿಕಟ್ಟು ಬಿಟ್ಟೆ. ಅವಳು ಗೋಡೆಗೆ ಆನಿಕೊಂಡಳು. ಇವಳು ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಅದರ ತಳದಲ್ಲಿ ನನ್ನ ಚರ್ಮ ಅಂಟಿಕೊಂಡಿತ್ತು. ನಾನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿರುವಾಗ ಹಿಂದೆ ಬೀರು ತೆಗೆದ ಸದ್ದು, ಚೀಲದ ಜಿಪ್ಪಿನ ಸದ್ದು ಕೇಳಿತು. ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ ಮುಚ್ಚಿದರು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು. ಬಿಸಿನೀರು ಚೆಲ್ಲಿಕೊಂಡೆ ಎಂದೆ. ಅವಳು ಗಾಯದ ಆಕಾರ ನೋಡಿದಳು, ನನ್ನ ಮುಖ ನೋಡಿದಳು, ಏನೂ ಬರೆದುಕೊಳ್ಳಲಿಲ್ಲ.

ಮೇ 19, ಭಾನುವಾರ

ಇವಳ ಅಕ್ಕನ ಮನೆಯಲ್ಲಿದ್ದಾರೆ. ಫೋನಿನಲ್ಲಿ ಅಕ್ಕ, "ಅವಳು ಮಾತಾಡಲ್ವಂತೆ. ನಾನೂ ಮಾತಾಡಲ್ಲ," ಎಂದು ಇಟ್ಟರು.

ಸೂಪು ಮಾಡಿಕೊಂಡೆ. ತಣ್ಣಗಾದ ಮೇಲೆ ಕುಡಿದೆ.

ಜುಲೈ 10, ಬುಧವಾರ

ಬ್ಯಾಂಡೇಜು ಬಿಚ್ಚಿ, ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿಯುವ ಒಂದು ಗವಸು ಕೊಟ್ಟಿದ್ದಾರೆ. ಕೈಯ ಹಿಂಬದಿ ದೋಣಿಯ ಆಕಾರದಲ್ಲಿ ಹೊಳೆಯುತ್ತದೆ. ಚರ್ಮ ಕುಗ್ಗಿ, ಮೂರು ಬೆರಳು ಪೂರ್ತಿ ಮಡಚುವುದಿಲ್ಲ.

ಸ್ಯಾಕ್ಸೊಫೋನು ಹೊರತೆಗೆದೆ. ಮೇಲಿನ ಕೀಗಳೆಲ್ಲ ಎಡಗೈಯವು. ಎಲ್ಲವನ್ನೂ ತೆರೆದು ಬಿಟ್ಟರೆ ಬರುವ ಒಂದು ಸ್ವರ ಬಂತು. ಅದನ್ನೇ ಊದಿದೆ. ಜೋರಾಗಿ ಊದಲು ಆಗಲಿಲ್ಲ. ಖಾಲಿ ಮನೆಯಲ್ಲಿ ಅದು ತುಂಬ ದೊಡ್ಡದಾಗಿ ಕೇಳುತ್ತಿತ್ತು. ಮೆಲ್ಲಗೆ ಊದಿದೆ. ಇನ್ನೂ ಮೆಲ್ಲಗೆ.

ಹೊಸ ಕಥೆ ಬೇಕೆಂದು ಸಂಪಾದಕರು ಫೋನು ಮಾಡಿದ್ದರು. ಬರೆಯಲು ಕೂತೆ. ಬರೆಯಹೊರಟ ಪ್ರತಿಯೊಬ್ಬನೂ ಎರಡನೆಯ ಪುಟಕ್ಕೆ ಯಾರನ್ನೋ ಹೊಡೆಯುತ್ತಾನೆ. ಹರಿದು ಹಾಕಿದೆ.

ಸೆಪ್ಟೆಂಬರ್ 7, ಶನಿವಾರ

ಸಿನಿಮಾ ನಿನ್ನೆ ಬಿಡುಗಡೆಯಾಯಿತು. ಇಂದು ಮಧ್ಯಾಹ್ನದ ಆಟಕ್ಕೆ ನಿರ್ದೇಶಕರು ನಟರನ್ನೆಲ್ಲ ಕರೆದಿದ್ದರು. ಚಿತ್ರಮಂದಿರ ತುಂಬಿತ್ತು. ನನ್ನ ಪಕ್ಕದ ಎರಡು ಕುರ್ಚಿ ಖಾಲಿ. ಇವಳಿಗೂ ಮಗಳಿಗೂ ಟಿಕೆಟ್ ಕಳಿಸಿದ್ದೆ. ಕಡ್ಡಿ ಬಂದು ಅದರಲ್ಲೊಂದರಲ್ಲಿ ಕೂತ.

ಆ ದೃಶ್ಯ ಬಂತು. ಪರದೆಯ ಮೇಲೆ ನನ್ನ ಕೈ ಮನುಷ್ಯರ ಎತ್ತರವಿತ್ತು. ಮೊದಲ ಏಟಿಗೆ ಜನ ಉಸಿರು ಬಿಗಿಹಿಡಿದರು. ಎರಡನೆಯದಕ್ಕೆ ಯಾರೋ ಸಿಳ್ಳೆ ಹಾಕಿದರು. ಕಡ್ಡಿ ಪಕ್ಕಕ್ಕೆ ಒರಗಿ ನನ್ನ ಕಡೆ ನೋಡುವುದು ಇಡೀ ಪರದೆ ತುಂಬ ಬಂತು. ಅವನು ಅತ್ತಿರಲಿಲ್ಲ. ಅವನು ಹೇಳಿದ್ದು ನಿಜ. ಚಪ್ಪಾಳೆ ಬಿತ್ತು.

ನಾನು ಕಡ್ಡಿಯ ಕಡೆ ಬಾಗಿ ಒಂದು ಮಾತು ಹೇಳಿದೆ. ಅವನು ನನ್ನ ಬಲಕ್ಕೆ ಕೂತಿದ್ದ, ನನ್ನ ಕಡೆಗಿದ್ದದ್ದು ಅವನ ಎಡಗಿವಿ. ಕೇಳಿಸಲಿಲ್ಲ. ಅವನು ಪರದೆ ನೋಡುತ್ತಲೇ ಇದ್ದ. ಇನ್ನೊಮ್ಮೆ ಹೇಳಲು ನನ್ನಿಂದಾಗಲಿಲ್ಲ.

ಹೊರಗೆ ನಿರ್ದೇಶಕರು ನನ್ನ ಹೆಗಲ ಮೇಲೆ ಕೈ ಹಾಕಿದರು. ಗವಸು ಬಿಚ್ಚಲು ಹೇಳಿ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಕ್ಯಾಮೆರಾಗೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ ಸರ್? ಮುಂದಿನದರಲ್ಲಿ ಇದನ್ನೇ ಇಟ್ಕೊಂಡು ಒಂದು ಪಾತ್ರ ಮಾಡೋಣ. ಇದಕ್ಕಿಂತ ಕ್ರೂರಿ."

"ನನಗೆ ಆಗಲ್ಲ," ಎಂದೆ.

"ಯಾಕೆ?"

ಕೈ ನೋಯುತ್ತದೆ ಎಂದೆ.

ಸೆಪ್ಟೆಂಬರ್ 15, ಭಾನುವಾರ

ಇಂದು ಇವಳ ಅಕ್ಕನ ಮನೆಗೆ ಹೋಗಿದ್ದೆ. ಮಗಳ ಉಣ್ಣೆಯ ಅಂಗಿಯೊಂದು ಬೀರುವಿನಲ್ಲಿ ಉಳಿದಿತ್ತು. ಚಳಿಗಾಲಕ್ಕೆ ಬೇಕಾಗುತ್ತದೆ, ಕೊಟ್ಟು ಬರೋಣವೆಂದು.

ಮೂರನೆಯ ಮಹಡಿ. ಗಂಟೆ ಒತ್ತಿದೆ. ಒಳಗಿನಿಂದ ಹೆಜ್ಜೆ ಬರುವುದು ಕೇಳಿ, ಸುಟ್ಟ ಕೈ ಮಗಳ ಕಣ್ಣಿಗೆ ಬೀಳದಿರಲಿ, ನೋಡಿ ಅವಳ ಮನಸ್ಸಿಗೆ ನೋವಾಗದಿರಲಿ ಎಂದು ಅದನ್ನು ಬೆನ್ನ ಹಿಂದೆ ಮಡಚಿಕೊಂಡೆ. ಬಾಗಿಲು ಸರಪಳಿಯಷ್ಟು ತೆರೆಯಿತು. ಮಗಳು. ಎತ್ತರವಾಗಿದ್ದಾಳೆ. ತುಟಿಯ ಮೇಲೆ ಒಂದು ಸಣ್ಣ ಬಿಳಿ ಗೆರೆ.

ನನ್ನನ್ನು ನೋಡಿದಳು. ನನ್ನ ಹೆಗಲಿನಿಂದ ಹಿಂದಕ್ಕೆ ಹೋದ ತೋಳನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ಕೈ ಮುಂದೆ ಇಟ್ಕೊಳ್ಳಿ ಅಪ್ಪ."

ಇಟ್ಕೊಳ್ಳಿ ಎಂದಳು. ಮಗಳಿಗೆ ನನ್ನ ಹತ್ತಿರ ಬಹುವಚನ ಯಾರು ಕಲಿಸಿದರು?

ಕೈ ಮುಂದಕ್ಕೆ ತಂದೆ. ಒಂದರಲ್ಲಿ ಉಣ್ಣೆಯಂಗಿ, ಇನ್ನೊಂದಕ್ಕೆ ಗವಸು. ಅವಳಿಗೆ ಎರಡೂ ಕಾಣುವಂತೆ ಹಿಡಿದು ನಿಂತೆ. ಹಾಗೆ ನಿಂತ ಮೇಲೆ ಅವಳು ಮಾತಾಡಿದಳು. ತಾತನ ಬೆರಳುಗಳಲ್ಲಿ ಒಂದು ಕೂಡಿಕೊಂಡಿದೆ, ಇನ್ನೊಂದು ಮಡಚುವುದಿಲ್ಲ. ಶನಿವಾರದ ಸಂಜೆ ಕ್ಲಬ್ಬಿನಲ್ಲಿ ಅವನ ಜಾಗದಲ್ಲಿ ಮಗಳೇ ಕೂರುತ್ತಾಳೆ. ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಡವಿದರೆ ಕೆಮ್ಮುತ್ತಾನೆ.

"ಒಂದ್ಸಲ ಕೇಳೋಕೆ ಬರ್ಲಾ?" ಎಂದೆ.

ಅವಳು ಹಿಂದೆ ತಿರುಗಿದಳು. ಒಳಗೆಲ್ಲೋ ಹೊಲಿಗೆ ಯಂತ್ರ ಓಡುತ್ತಿತ್ತು, ನಿಂತಿತು. ನಿಂತ ಯಂತ್ರದ ಪಕ್ಕದಿಂದ ಇವಳ ದನಿ ಬಂತು. "ಈಗ ಬೇಡ ಅನ್ನು."

"ಈಗ ಬೇಡ ಅಪ್ಪ," ಎಂದಳು ಮಗಳು.

ಆಗಲಿ ಎಂದೆ. ಸರಪಳಿಯ ಸಂದಿಯಿಂದ ಉಣ್ಣೆಯಂಗಿಯ ಒಂದು ತುದಿ ಕೊಟ್ಟೆ, ಅವಳು ಅದನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಳು. ಬಾಗಿಲು ಮುಚ್ಚುವ ತನಕ ಅವಳ ಕಣ್ಣು ನನ್ನ ಕೈಗಳ ಮೇಲೆಯೇ ಇತ್ತು.

ಮೆಟ್ಟಿಲಿಳಿದು ಬೀದಿಗೆ ಬಂದೆ. ಅಂಗಡಿಗಳನ್ನು ದಾಟಿ ಬಸ್ ನಿಲ್ದಾಣದ ಹತ್ತಿರ ಬಂದಾಗ, ಎದುರಿನಿಂದ ಬರುತ್ತಿದ್ದವರು ನನ್ನನ್ನು ನೋಡಿ ಪಕ್ಕಕ್ಕೆ ಸರಿಯುತ್ತಿರುವುದು ಗಮನಕ್ಕೆ ಬಂತು. ಸಿನಿಮಾ ನೋಡಿದವರಿರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ, ಅಷ್ಟು ದೂರವೂ ನಾನು ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿ​ದುಕೊಂಡೇ ನಡೆದು ಬಂದಿದ್ದೆ.